ಮೈಸೂರು ಶೈಲಿಯ ಚಿತ್ರ ಬರೆದು ಬದುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಮನೆಯಲ್ಲೇ ಕೂತು ಸಾಂಪ್ರದಾಯಿಕ ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ: ಹಲಗೆಯ ಮೇಲೆ ದೇವರ ರೂಪ, ಒಡವೆಗೆ ಚಿನ್ನದ ರೇಕು, ಅಂದರೆ ಚಿನ್ನದ ತೆಳು ಹಾಳೆ. ಅದನ್ನೇ ಮಾರಿ ಸಂಸಾರ ನಡೆಸುತ್ತೇನೆ. ಶನಿವಾರ, ಭಾನುವಾರ ಮಕ್ಕಳಿಗೂ ದೊಡ್ಡವರಿಗೂ ಕಲಿಸುತ್ತೇನೆ. ಕಲಿತು ಹೋದವರು ಒಂದೆರಡು ವರ್ಷ ಬಿಟ್ಟು ಫೋನ್ ಮಾಡುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ: ವ್ಯಾಪಾರ ಶುರುವಾದ ಮೇಲೆ ಚಿತ್ರ ಬರೆಯುವ ಆಸೆ ಎಲ್ಲಿ ಹೋಯಿತು? ಒಬ್ಬೊಬ್ಬರಿಗೇ ಹೇಳಿದ್ದನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ನೀವು ಬೇರೆ ಥರದ ಚಿತ್ರ ಬರೆಯುವವರಾದರೂ ಬೆಲೆ, ಹಕ್ಕು, ಸಮಯದ ವಿಷಯ ಉಪಯೋಗಕ್ಕೆ ಬರಬಹುದು.

ಅಕ್ಕಾ, ಮಾರೋಕೆ ಶುರು ಮಾಡಿದರೆ ಕಲೆ ಸತ್ತು ಹೋಗುತ್ತೆ ಅಂತಾರಲ್ಲ, ನಿಜವಾ?

ನಿಜ ಅಲ್ಲ. ನಮ್ಮ ಶೈಲಿ ಹುಟ್ಟಿ ಬೆಳೆದದ್ದೇ ಹೇಳಿ ಬರೆಸಿದ ಕೆಲಸದಿಂದ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚಿತ್ರಗಾರರಿಗೆ ಕೆಲಸ ಕೊಟ್ಟರು, ಅವರು ಬರೆದರು. ಇವತ್ತು ನಾವು ಕೈಮುಗಿದು ನೋಡುವ ಎಷ್ಟೋ ಚಿತ್ರಗಳು ಆಗಿನ ಕಾಲದ ಆರ್ಡರ್‌ಗಳೇ. ದುಡ್ಡು ತೆಗೆದುಕೊಂಡ ಕಾರಣಕ್ಕೆ ಆ ರೇಖೆ ಸಪ್ಪೆಯಾಗಲಿಲ್ಲ.

ಕಲೆಯನ್ನು ಸಾಯಿಸುವುದು ಬೇರೆಯೇ ಒಂದು. ಅದನ್ನು ನಾನು ಅನುಭವಿಸಿದ್ದೇನೆ, ಅದಕ್ಕೇ ವಿವರವಾಗಿ ಹೇಳುತ್ತೇನೆ.

2017ರಲ್ಲಿ ಒಂದು ಕಂಪನಿಯವರು ದೀಪಾವಳಿ ಉಡುಗೊರೆಗೆ ಅಂತ ಒಂದೇ ಅಳತೆಯ 24 ಗಣಪತಿ ಕೇಳಿದರು. ನನಗೆ ಆಗ ಸಾಲ ಇತ್ತು, ಒಪ್ಪಿಕೊಂಡೆ. ಒಂದು ಗಣಪತಿಯನ್ನು ಚೆನ್ನಾಗಿ ಬರೆದೆ. ಅದನ್ನೇ ಟ್ರೇಸಿಂಗ್ ಹಾಳೆಯಲ್ಲಿ ತೆಗೆದು 24 ಹಲಗೆಗೂ ಇಳಿಸಿದೆ. ಮೊದಲ ಐದಾರು ಚಿತ್ರದಲ್ಲಿ ಮನಸ್ಸಿತ್ತು. ಹನ್ನೆರಡನೆಯದಕ್ಕೆ ಬರುವಾಗ ಟಿವಿಯಲ್ಲಿ ಧಾರಾವಾಹಿ ನೋಡುತ್ತಾ ಕಿರೀಟಕ್ಕೆ ರೇಖೆ ಎಳೆಯುತ್ತಿದ್ದೆ. ಹಣ ಬಂತು, ಸಾಲ ತೀರಿತು. ಅದರ ಮುಂದಿನ ವಾರ ಒಬ್ಬರು ಸರಸ್ವತಿ ಕೇಳಿದರು. ಪೆನ್ಸಿಲ್ ಹಿಡಿದು ಕೂತೆ. ಮುಖ ಬಂತು, ಮೂಗು ಬಂತು. ಕ್ಲಾಸಿಗೆ ಬಂದಿದ್ದ ಒಬ್ಬ ಹುಡುಗಿ, ಹದಿಮೂರು ವರ್ಷದವಳು, ಹಿಂದೆ ನಿಂತು ಅದನ್ನೂ ಗಣಪತಿಯ ಟ್ರೇಸಿಂಗ್ ಹಾಳೆಯನ್ನೂ ನೋಡಿ ಕೇಳಿದಳು: "ಅಕ್ಕಾ, ಇವರಿಬ್ಬರೂ ಅಣ್ಣ ತಂಗಿನಾ? ಕಣ್ಣು ಒಂದೇ ಥರ ಇದೆ."

ಸರಸ್ವತಿಯ ಮುಖದಲ್ಲಿ ಗಣಪತಿಯ ಕಣ್ಣು ಕೂತಿತ್ತು. ನನ್ನ ಕೈ ಅದನ್ನು ಬರೆದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಆ ರೂಢಿ ಬಿಡಿಸಿಕೊಳ್ಳಲು ಆರು ವಾರ ಹಿಡಿಯಿತು. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ದಿನಾ ಬರೀ ಕಣ್ಣು ಬರೆದೆ. ಮಗುವಿನ ಕಣ್ಣು, ನಿದ್ದೆಗಣ್ಣು, ಸೊಪ್ಪು ಮಾರುವ ಅಜ್ಜಿಯ ಕಣ್ಣು.

ಅವತ್ತಿನಿಂದ ನನ್ನದು ಒಂದೇ ನಿಯಮ: ಎಷ್ಟೇ ಸಣ್ಣ ಆರ್ಡರ್ ಆಗಲಿ, ರೇಖೆ ಹೊಸದಾಗಿ ಎಳೆಯಬೇಕು. ಅದೇ ಗಜಲಕ್ಷ್ಮಿ ಆದರೂ ಸರಿ, ಆನೆಯ ಸೊಂಡಿಲು ಎಲ್ಲಿ ತಿರುಗುತ್ತೆ ಅಂತ ಮತ್ತೆ ಯೋಚಿಸಬೇಕು. ಉಳಿದ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರ ಬಹುಪಾಲು ಈ ನಿಯಮ ಉಳಿಸಿಕೊಳ್ಳುವುದು ಹೇಗೆ ಅನ್ನುವುದೇ.

ಪ್ರತಿ ಸಲ ಹೊಸ ರೇಖೆ ಅಂದರೆ ಹೊಟ್ಟೆಪಾಡು ನಡೆಯುತ್ತಾ?

ನಡೆಯುತ್ತೆ, ಬೆಲೆ ಸರಿಯಾಗಿ ಹಾಕಿದರೆ. ನಮ್ಮವರಲ್ಲಿ ಹೆಚ್ಚಿನವರು ಬೇಸತ್ತು ಹೋಗಿರುವುದು ಕಡಿಮೆ ಬೆಲೆಗೆ ಜಾಸ್ತಿ ಚಿತ್ರ ಬರೆದು. ಒಂದು ಚಿತ್ರಕ್ಕೆ ಸರಿಯಾದ ಬೆಲೆ ಬಂದರೆ ತಿಂಗಳಿಗೆ ಎರಡು ಬರೆದರೂ ಸಾಕು. ಅರ್ಧ ಬೆಲೆ ಬಂದರೆ ನಾಲ್ಕು ಬರೆಯಬೇಕು, ನಾಲ್ಕು ಬರೆಯಬೇಕಾದಾಗ ಟ್ರೇಸಿಂಗ್ ಹಾಳೆ ತಾನಾಗಿಯೇ ಕೈಗೆ ಬರುತ್ತೆ.

ಹಾಗಾದರೆ ಬೆಲೆ ಹೇಗೆ ಹಾಕೋದು?

ಒಂದು ಪುಸ್ತಕ ಇಟ್ಟುಕೊಂಡು ಗಂಟೆ ಬರೆಯಿರಿ. ಒಂದೇ ಒಂದು ಚಿತ್ರಕ್ಕೆ ಮಾಡಿದರೂ ಕಣ್ಣು ತೆರೆಯುತ್ತೆ. ಹಲಗೆಗೆ ಕಾಗದ ಅಂಟಿಸಿದ್ದು, ರೇಖೆ, ಜೆಸ್ಸೊ (ಒಡವೆ, ಅಂಚು ಉಬ್ಬಿಸಲು ಹಚ್ಚುವ ಲೇಪ), ಅದು ಒಣಗಿದ ಮೇಲೆ ರೇಕು ಕೂರಿಸಿದ್ದು, ಬಣ್ಣ, ಕೊನೆಯ ಗೆರೆ, ಗಿರಾಕಿಯ ಜೊತೆ ಫೋನಿನಲ್ಲಿ ಮಾತಾಡಿದ್ದು, ಫ್ರೇಮ್ ಅಂಗಡಿಗೆ ಓಡಾಡಿದ್ದು, ಎಲ್ಲ.

ಉದಾಹರಣೆಗೆ ಹೀಗಿಟ್ಟುಕೊಳ್ಳಿ. ಹಲಗೆ, ಬಣ್ಣ, ಫ್ರೇಮ್ ಸೇರಿ 1,800 ರೂಪಾಯಿ. ಚಿನ್ನದ ರೇಕು 2,200. ಕೆಲಸ 60 ಗಂಟೆ, ಗಂಟೆಗೆ 150ರಂತೆ 9,000. ಕರೆಂಟು, ಫೋನು, ಪ್ಯಾಕಿಂಗು, ಮೇಳದ ಬಾಡಿಗೆಯ ಪಾಲು ಅಂತ 1,500. ಒಟ್ಟು 14,500. ಇದು ಲಾಭ ಅಲ್ಲ, ನಿಮ್ಮ ಕೂಲಿ ಮತ್ತು ಖರ್ಚು ಅಷ್ಟೇ.

ಈಗ ಒಂದು ಅಂಗಡಿ ಶೇಕಡಾ 30 ಕಮಿಷನ್ ಕೇಳುತ್ತೆ ಅಂದುಕೊಳ್ಳಿ. ಎಲ್ಲರೂ ತಪ್ಪುವುದು ಇಲ್ಲೇ. 14,500ಕ್ಕೆ ಶೇಕಡಾ 30 ಸೇರಿಸಿ 18,850 ಅಂತ ಚೀಟಿ ಅಂಟಿಸುತ್ತಾರೆ. ಅಂಗಡಿ ತನ್ನ 30 ಲೆಕ್ಕ ಹಾಕುವುದು 18,850ರ ಮೇಲೆ. ಅವರು 5,655 ಹಿಡಿದುಕೊಂಡರೆ ನಿಮ್ಮ ಕೈಗೆ 13,195. ಸಾವಿರದ ಮುನ್ನೂರು ರೂಪಾಯಿ ಕೈಬಿಟ್ಟು ಹೋಯಿತು. ಸರಿಯಾದ ಲೆಕ್ಕ ಅಂದರೆ 14,500 ಅನ್ನು 0.7ರಿಂದ ಭಾಗಿಸಬೇಕು. ಸುಮಾರು 20,700 ಬರುತ್ತೆ.

ಮನೆಯಲ್ಲಿ ಕೊಂಡರೂ ಅದೇ ಬೆಲೆ, ಅಂಗಡಿಯಲ್ಲಿ ಕೊಂಡರೂ ಅದೇ ಬೆಲೆ ಇರಲಿ. ಮನೆಯಲ್ಲಿ ಕಡಿಮೆಗೆ ಕೊಟ್ಟರೆ ಅಂಗಡಿಯವರಿಗೆ ಒಂದು ದಿನ ಗೊತ್ತಾಗಿಯೇ ಆಗುತ್ತೆ.

ನೆಂಟರು, ಪರಿಚಯದವರು "ನಮಗೆ ಸ್ವಲ್ಪ ನೋಡಿ ಹಾಕಿ" ಅಂದರೆ?

ಬೆಲೆ ಇಳಿಸಬೇಡಿ, ಅಳತೆ ಇಳಿಸಿ. "ಅತ್ತೆ, ಅಷ್ಟರಲ್ಲಿ ಇಷ್ಟು ದೊಡ್ಡದು ಬರೆದುಕೊಡ್ತೀನಿ" ಅಂತ ಚಿಕ್ಕ ಹಲಗೆ ತೋರಿಸಿ. ಅಥವಾ ಪೂರ್ತಿ ಉಡುಗೊರೆಯಾಗಿ ಕೊಟ್ಟುಬಿಡಿ. ಅರ್ಧ ದುಡ್ಡಿನ ಕೆಲಸ ಮಾಡುವಾಗ ಕೈಗೂ ಬೇಸರ, ಸಂಬಂಧಕ್ಕೂ ಬೇಸರ.

ಚಿನ್ನದ ಬೆಲೆ ಹೀಗೆ ಏರುತ್ತಿದೆ. ನಕಲಿ ರೇಕು ಹಾಕಬಹುದಾ?

2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ಮುಟ್ಟಿದಾಗ ನನಗೂ ಈ ಯೋಚನೆ ಬಂದಿತ್ತು. ನನ್ನ ತೀರ್ಮಾನ ಇದು: ದೇವರ ಚಿತ್ರಕ್ಕೆ ಅಸಲಿ ರೇಕು ಅಂತ ಹೇಳಿ ನಕಲಿ ಹಾಕುವುದು ಮೋಸ. ನಕಲಿ ಅಂತ ಹೇಳಿಯೇ ಹಾಕಿದರೆ ಮೋಸ ಅಲ್ಲ. ಆದರೆ ಹಿತ್ತಾಳೆಯ ರೇಕು ಕೆಲವು ವರ್ಷಕ್ಕೆ ಕಪ್ಪಾಗುತ್ತೆ. ಅವತ್ತು ಗಿರಾಕಿ ನೆನೆಸಿಕೊಳ್ಳುವುದು ನಿಮ್ಮ ಹೆಸರನ್ನೇ.

ನಾನು ಮಾಡಿದ್ದು ಎರಡು ಕೆಲಸ. ಒಂದು, ಬೆಲೆ ಹೇಳಿದ ಚೀಟಿಯಲ್ಲಿ "ಈ ಬೆಲೆ 15 ದಿನಕ್ಕೆ ಮಾತ್ರ" ಅಂತ ಬರೆಯಲು ಶುರು ಮಾಡಿದೆ. ಅಡ್ವಾನ್ಸ್ ಬಂದ ದಿನವೇ ಆ ಚಿತ್ರದ ರೇಕು ತಂದಿಡುತ್ತೇನೆ. ಎರಡನೆಯದು, ಚಿನ್ನವನ್ನು ಕಡಿಮೆ ಜಾಗಕ್ಕೆ ತಂದೆ. ಇಡೀ ಪ್ರಭಾವಳಿಗೆ ಹಾಕುವ ಬದಲು ಅಂಚಿಗೆ, ಒಡವೆಗೆ, ಸೆರಗಿನ ಜರಿಗೆ ಮಾತ್ರ. ದುಡ್ಡು ಉಳಿಸಲು ಹೊರಟದ್ದು, ಆದರೆ ಚಿತ್ರವೇ ಚೆನ್ನಾಯಿತು. ಕಣ್ಣು ಮೊದಲು ಮುಖಕ್ಕೆ ಹೋಗುತ್ತೆ, ಆಮೇಲೆ ಚಿನ್ನಕ್ಕೆ. ಕಟ್ಟುಪಾಡು ಬಂದಾಗಲೇ ಹೊಸದೇನಾದರೂ ಹೊಳೆಯುವುದು ಅಂತ ನಮ್ಮ ಮೇಷ್ಟ್ರು ಹೇಳುತ್ತಿದ್ದದ್ದು ಆಗ ಅರ್ಥ ಆಯಿತು.

ಗಿರಾಕಿಗಳು ತಂಜಾವೂರು ಥರ ಉಬ್ಬಿಸಿ, ಕಲ್ಲು ಹಾಕಿ ಅಂತ ಕೇಳುತ್ತಾರೆ. ಮಾಡಿಕೊಡಲಾ?

ನಾನು ಮಾಡಿಕೊಡುವುದಿಲ್ಲ. ತಂಜಾವೂರಿನ ಕೆಲಸ ಕೀಳು ಅಂತ ಅಲ್ಲ, ಅದು ಬೇರೆ ಕೆಲಸ. ನಮ್ಮಲ್ಲಿ ಜೆಸ್ಸೊ ತೆಳುವಾಗಿ ಕೂರಬೇಕು, ಬೆರಳಾಡಿಸಿದರೆ ಮಾತ್ರ ಗೊತ್ತಾಗುವಷ್ಟು. ಮಕ್ಕಿ ಅನ್ನುವ ಹಳದಿ ಅಂಟನ್ನೂ ಸಫೇದ ಅನ್ನುವ ಬಿಳಿ ಪುಡಿಯನ್ನೂ ಕಲಸಿ, ಕೂದಲೆಳೆಯಂಥ ಗೆರೆಯಲ್ಲಿ ಒಡವೆ ಎಬ್ಬಿಸುವುದೇ ನಮ್ಮ ಶೈಲಿಯ ಜೀವ. ಗಿರಾಕಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಹತ್ತರಲ್ಲಿ ಆರು ಜನ ನಮ್ಮದನ್ನೇ ಒಪ್ಪುತ್ತಾರೆ, ಇದು ನನ್ನ ಅನುಭವ. ಉಳಿದವರಿಗೆ ತಂಜಾವೂರು ಶೈಲಿ ಬರೆಯುವವರ ನಂಬರ್ ಕೊಡುತ್ತೇನೆ. ಅವರೂ ನನ್ನ ಹತ್ತಿರ ಗಿರಾಕಿ ಕಳಿಸುತ್ತಾರೆ.

ಇನ್ನೊಂದು ಮಾತು. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಆ ಗುರುತನ್ನು ತಮ್ಮ ಚಿತ್ರಕ್ಕೆ ಬಳಸಬಹುದು. ಆ ಹೆಸರಿನಲ್ಲಿ ಮಾರುವಾಗ ಆ ಕೆಲಸವನ್ನೇ ಕೊಡಬೇಕು, ಅಲ್ವಾ?

ದಿನದಲ್ಲಿ ಯಾವಾಗ ಬರೆಯುತ್ತೀರಿ, ಯಾವಾಗ ವ್ಯಾಪಾರ ನೋಡುತ್ತೀರಿ?

ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ ಬರೀ ರೇಖೆ ಅಥವಾ ರೇಕು. ಈ ಎರಡೂವರೆ ಗಂಟೆಯಲ್ಲಿ ಫೋನ್ ಅಡುಗೆಮನೆಯಲ್ಲಿರುತ್ತೆ. ಶಿಸ್ತಿನ ಮಾತು ಹಾಗಿರಲಿ, ಚಿನ್ನದ ರೇಕೇ ನನಗೆ ಇದನ್ನು ಕಲಿಸಿತು. ರೇಕು ಕೂರಿಸುವಾಗ ಫ್ಯಾನ್ ಆರಿಸಬೇಕು, ಕಿಟಕಿ ಮುಚ್ಚಬೇಕು. ಪುಸ್ತಕದ ಹಾಳೆ ತೆಗೆದರೆ ರೇಕು ಉಸಿರಿಗೇ ನಡುಗುತ್ತೆ. ಬ್ರಷ್ ಅನ್ನು ಒಂದು ಸಲ ಕೆನ್ನೆಗೆ ಸವರಿಕೊಂಡರೆ ಅಷ್ಟು ಜಿಡ್ಡು ಸಾಕು, ರೇಕು ಅಂಟಿಕೊಂಡು ಬರುತ್ತೆ. ಅಂಟು ಪೂರ್ತಿ ಹಸಿಯಾಗಿದ್ದರೆ ಚಿನ್ನ ಮುಳುಗುತ್ತೆ, ಪೂರ್ತಿ ಒಣಗಿದರೆ ಹಿಡಿಯಲ್ಲ. ಬೆರಳಿನ ಗೆಣ್ಣು ತಾಗಿಸಿದಾಗ ಸ್ವಲ್ಪ ಎಳೆಯಬೇಕು, ಆ ಹದದಲ್ಲಿ ಕೂರಿಸಬೇಕು. ಆ ಹೊತ್ತಿನಲ್ಲಿ ಒಂದು ಕರೆ ಬಂದು ಎದ್ದು ಹೋದರೆ ಹದ ಹೋಯಿತು, ರೇಕೂ ಹೋಯಿತು.

ಯೋಚನೆಗೂ ಇದೇ ಥರ ಹದ ಇರುತ್ತೆ ಅಂತ ನಿಧಾನವಾಗಿ ಗೊತ್ತಾಯಿತು. ಬೆಳಗ್ಗೆ ಮೊದಲು ಗಿರಾಕಿಯ ಮೆಸೇಜ್ ಓದಿದ ದಿನ ರೇಖೆಯಲ್ಲಿ ಅವರ ಮಾತೇ ಕೇಳುತ್ತಿರುತ್ತೆ.

ಹತ್ತೂವರೆಯ ಮೇಲೆ ಬಣ್ಣ ತುಂಬುವ ಕೆಲಸ. ಮಧ್ಯಾಹ್ನ ಮೂರರಿಂದ ಐದು ವ್ಯಾಪಾರ: ಫೋನು, ಬಿಲ್ಲು, ಕೊರಿಯರ್, ಫ್ರೇಮ್ ಅಂಗಡಿ. ಗಿರಾಕಿಗಳಿಗೂ "ಮೂರರ ಮೇಲೆ ಫೋನ್ ಮಾಡಿ" ಅಂತ ಹೇಳಿಬಿಟ್ಟಿದ್ದೇನೆ. ಯಾರೂ ತಪ್ಪು ತಿಳಿದಿಲ್ಲ.

ಮನೆಯಲ್ಲಿ ಅತ್ತೆ ಮಾವ, ಸ್ಕೂಲಿಗೆ ಹೋಗುವ ಮಕ್ಕಳು ಇದ್ದಾರೆ. ಎರಡೂವರೆ ಗಂಟೆ ಎಲ್ಲಿ ಸಿಗುತ್ತೆ?

ಸಿಗಲ್ಲ. ನನ್ನ ಮಗಳು ಚಿಕ್ಕವಳಿದ್ದಾಗ ನನಗೂ ಸಿಕ್ಕಿರಲಿಲ್ಲ. ಆಗ ನಾನು ಮಾಡಿದ್ದು ನಲವತ್ತು ನಿಮಿಷ, ದಿನಾ ಒಂದೇ ಹೊತ್ತಿಗೆ. ಮನೆಯವರಿಗೆ "ಚಿತ್ರ ಬರೀತಾ ಕೂರ್ತೀನಿ" ಅನ್ನಬೇಡಿ, "ಕೆಲಸಕ್ಕೆ ಕೂರ್ತೀನಿ" ಅನ್ನಿ. ಆ ಒಂದು ಮಾತಿನಿಂದ ನಮ್ಮ ಮನೆಯಲ್ಲಿ ತುಂಬಾ ಬದಲಾಯಿತು. ಮತ್ತೆ, ಬಂದ ಹಣದಲ್ಲಿ ಒಂದು ಪಾಲನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಮನೆಗೆ ಖರ್ಚು ಮಾಡಿ. ಗ್ಯಾಸ್ ಬಿಲ್ ಆದರೂ ಸರಿ.

ಎರಡು ತಿಂಗಳಿಂದ ಮನಸ್ಸೇ ಬರುತ್ತಿಲ್ಲ. ಆರ್ಡರ್ ಇದೆ, ಕೈ ಓಡುತ್ತಿಲ್ಲ. ಏನು ಮಾಡಲಿ?

ಮೊದಲು ನಿದ್ದೆ, ಊಟ, ಕಣ್ಣು, ಬೆನ್ನು ನೋಡಿಕೊಳ್ಳಿ. ಸೋಂಬೇರಿತನ ಅಂತ ನಾವು ಬೈದುಕೊಳ್ಳುವುದು ಎಷ್ಟೋ ಸಲ ಕನ್ನಡಕದ ನಂಬರ್ ಬದಲಾಗಿರುವುದು.

ಅದು ಸರಿ ಇದ್ದರೆ ಎರಡು ದಾರಿ. ಒಂದು, ಕೈಗೆ ಕೆಲಸ ಕೊಡಿ, ತಲೆಗೆ ರಜ ಕೊಡಿ. ಹಲಗೆಗೆ ಕಾಗದ ಅಂಟಿಸಿ. ಮುಗಿದ ಚಿತ್ರದ ಮೇಲೆ ತೆಳು ಕಾಗದ ಇಟ್ಟು ನಯವಾದ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಚಿನ್ನ ಹೊಳಪಿಗೆ ಬರುವುದನ್ನು ನೋಡಿ. ಹಿಂದಿನವರು ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಂಡು ರೇಖೆ ಎಳೆಯುತ್ತಿದ್ದರು. ಒಂದು ಸಲ ಮಾಡಿ ನೋಡಿ. ಪೆನ್ಸಿಲ್‌ಗಿಂತ ಮೆತ್ತಗೆ ಓಡುತ್ತೆ, ತಪ್ಪಿದರೆ ಬಟ್ಟೆಯಲ್ಲಿ ಕೊಡವಿದರೆ ಹೋಗುತ್ತೆ. ತಪ್ಪಿನ ಭಯ ಇಲ್ಲದಿದ್ದಾಗ ಕೈ ಬಿಚ್ಚಿಕೊಳ್ಳುತ್ತೆ.

ಎರಡು, ಹೋಗಿ ನೋಡಿ. ಫೋನಿನಲ್ಲಿ ಅಲ್ಲ. ಮೈಸೂರಿನಲ್ಲಿರುವವರಿಗೆ ಶ್ರೀರಂಗಪಟ್ಟಣ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ಗಂಟೆ. 1784ರಲ್ಲಿ ಕಟ್ಟಿದ ಟಿಪ್ಪುವಿನ ಬೇಸಿಗೆ ಅರಮನೆ, ದರಿಯಾ ದೌಲತ್ ಬಾಗ್‌ನ ಗೋಡೆಯ ಮುಂದೆ ನಿಂತುಕೊಳ್ಳಿ. ಅಲ್ಲಿ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ಚಿತ್ರ ಇದೆ. ಸಾಲು ಸಾಲು ಕುದುರೆ, ಆನೆ, ಕತ್ತಿ, ಧೂಳು. ಎಲ್ಲದರ ನಡುವೆ ಸೋಲುತ್ತಿರುವ ಇಂಗ್ಲಿಷ್ ಸೇನೆಯ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಬೆರಳು ಬಾಯಲ್ಲಿಟ್ಟುಕೊಂಡು. ಅಷ್ಟು ದೊಡ್ಡ ಗೋಡೆ ತುಂಬಿಸುವ ಕೆಲಸ ಇದ್ದಾಗಲೂ ಒಬ್ಬ ಚಿತ್ರಗಾರನಿಗೆ ಆ ಬೆರಳು ಬರೆಯಬೇಕು ಅನ್ನಿಸಿತು. ಅದೂ ಆಳುವವರು ಬರೆಸಿದ ಕೆಲಸವೇ. ನಾನು ಬೇಸರ ಬಂದಾಗಲೆಲ್ಲ ಆ ಬೆರಳು ನೋಡಲು ಹೋಗುತ್ತೇನೆ.

ಶ್ರೀತತ್ತ್ವನಿಧಿ ಪುಸ್ತಕ ಗ್ರಂಥಾಲಯದಲ್ಲಿ ಸಿಕ್ಕರೆ ಬಿಡಬೇಡಿ. ಮುಮ್ಮಡಿಯವರ ಕಾಲದಲ್ಲಿ ಒಂಬತ್ತು ನಿಧಿಗಳಾಗಿ, ಅಂದರೆ ಭಾಗಗಳಾಗಿ ಮಾಡಿಸಿದ ದೊಡ್ಡ ಸಂಗ್ರಹ ಅದು. ನಾವು ಬರೆಯುವುದು ಆರೇಳು ದೇವರನ್ನು ಮಾತ್ರ. ಅಲ್ಲಿ ನೂರಾರು ರೂಪಗಳಿವೆ. ಪ್ರತಿಯೊಂದಕ್ಕೂ ಧ್ಯಾನ ಶ್ಲೋಕ ಇದೆ, ಕೈಯಲ್ಲಿ ಏನಿರಬೇಕು, ಮೈಬಣ್ಣ ಯಾವುದು ಅಂತ. ವರ್ಷಕ್ಕೆ ಒಂದಾದರೂ ಯಾರೂ ಕೇಳದ ರೂಪವನ್ನು ಬರೆಯಿರಿ. ನನ್ನ ಅಂಥ ಮೂರು ಚಿತ್ರಗಳನ್ನು ನೋಡಿದವರು ಆಮೇಲೆ ಅದೇ ಬೇಕು ಅಂತ ಆರ್ಡರ್ ಕೊಟ್ಟಿದ್ದಾರೆ.

ಪ್ರಿಂಟ್ ಹಾಕಿಸಿ ಮಾರಬಹುದಾ? ಒಂದು ಸಲ ಬರೆದರೆ ಸಾಕಲ್ಲ.

ಮಾರಬಹುದು. ಈ ದಾರಿ ಹಳೆಯದು. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ತಮ್ಮದೇ ಅಚ್ಚುಕೂಟ ಶುರು ಮಾಡಿದರು. ದೇವರ ಚಿತ್ರ ಬಡವರ ಮನೆಗೂ ಹೋಯಿತು. ಆದರೆ ವ್ಯಾಪಾರ ಅವರ ಕೈ ಹಿಡಿಯಲಿಲ್ಲ. ಸಾಲ ಏರಿತು, ಕೆಲವೇ ವರ್ಷಗಳಲ್ಲಿ ಅಚ್ಚುಕೂಟವನ್ನು ಅಲ್ಲೇ ಕೆಲಸ ಮಾಡುತ್ತಿದ್ದ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು. ಅವರಷ್ಟು ದೊಡ್ಡ ಚಿತ್ರಗಾರರಿಗೇ ಅಚ್ಚಿನ ವ್ಯಾಪಾರ ಕಷ್ಟ ಆಯಿತು. ನಮ್ಮ ಜಗನ್ಮೋಹನ ಅರಮನೆಯಲ್ಲಿ ಅವರ ಮೂಲ ಚಿತ್ರಗಳಿವೆ. ಆ ಸೀರೆಯ ಮಡಿಕೆಯನ್ನು ಹತ್ತಿರದಿಂದ ನೋಡಿ, ಆಮೇಲೆ ಅದೇ ಚಿತ್ರದ ಕ್ಯಾಲೆಂಡರ್ ನೋಡಿ. ಎರಡೂ ಬೇರೆ ಬೇರೆ ವಸ್ತು.

ನಾನು ಪಾಲಿಸುವುದು ಇಷ್ಟು: ಚಿನ್ನದ ಚಿತ್ರವನ್ನು ಪ್ರಿಂಟ್ ಹಾಕಿಸುವುದಿಲ್ಲ, ಹಾಕಿಸಿದರೆ ಚಿನ್ನ ಬರೀ ಕಂದು ಬಣ್ಣವಾಗಿ ಬರುತ್ತೆ. ನನ್ನ ರೇಖಾಚಿತ್ರಗಳನ್ನು ಮಾತ್ರ ಒಳ್ಳೆಯ ಆರ್ಕೈವಲ್ ಕಾಗದದಲ್ಲಿ ಐವತ್ತು ಪ್ರತಿ ಹಾಕಿಸಿ, ನಂಬರ್ ಬರೆದು ಸಹಿ ಮಾಡುತ್ತೇನೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಹೋಗುವವರಿಗೆ ಇವು ತುಂಬಾ ಉಪಯೋಗ. ಜನ ಜಾತ್ರೆಯ ಹಾಗೆ ಬರುತ್ತಾರೆ, ನಡೆಯುತ್ತಲೇ ನೋಡುತ್ತಾರೆ. ದೊಡ್ಡ ಚಿತ್ರ ಅವರನ್ನು ನಿಲ್ಲಿಸುತ್ತೆ, ಚಿಕ್ಕ ಪ್ರಿಂಟ್ ಅವರ ಕೈಗೆ ಹೋಗುತ್ತೆ. ವಿಳಾಸದ ಕಾರ್ಡ್ ಹಾಕುವುದು ಮರೆಯಬೇಡಿ.

ಇನ್‌ಸ್ಟಾಗ್ರಾಂನಲ್ಲಿ ದಿನಾ ಹಾಕಬೇಕಾ?

ವಾರಕ್ಕೆ ಒಂದು ಸಾಕು. ಒಂದು ಚಿತ್ರದ ರೇಖೆ, ಜೆಸ್ಸೊ, ರೇಕು, ಬಣ್ಣ ಅಂತ ನಾಲ್ಕು ವಾರ ಆಗುತ್ತೆ. ಯಾವುದಕ್ಕೆ ಲೈಕ್ ಜಾಸ್ತಿ ಬಂತು ಅಂತ ನೋಡಿ ಅದನ್ನೇ ಬರೆಯಲು ಕೂರಬೇಡಿ. ಅದೂ ಒಂದು ಥರ ಟ್ರೇಸಿಂಗೇ.

ನಾನು ಬರೆದ ಚಿತ್ರದ ಹಕ್ಕು ಯಾರದ್ದು? ಗಿರಾಕಿ ಅದನ್ನು ಕ್ಯಾಲೆಂಡರ್ ಮಾಡಿಸಿದರೆ?

ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ನಮ್ಮಲ್ಲಿ ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ನೀವಾಗಿಯೇ ಬರೆದು, ಆಮೇಲೆ ಮಾರಿದ ಚಿತ್ರದ ಕಾಪಿರೈಟ್ ನಿಮ್ಮದೇ. ಕೊಂಡವರಿಗೆ ಸಿಗುವುದು ಆ ಹಲಗೆ ಮಾತ್ರ, ಅಚ್ಚು ಹಾಕಿಸುವ ಹಕ್ಕು ಅಲ್ಲ. ಆದರೆ ಯಾರಾದರೂ ದುಡ್ಡು ಕೊಟ್ಟು, ಹೇಳಿ ಬರೆಸಿದ ಚಿತ್ರ ಬೇರೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಅಂಥ ಪೇಂಟಿಂಗ್‌ನ ಮೊದಲ ಹಕ್ಕುದಾರರು ಬರೆಸಿದವರೇ. ಅಂದರೆ ಬಾಯಿಮಾತಿನಲ್ಲಿ ಆರ್ಡರ್ ತೆಗೆದುಕೊಂಡರೆ ಹಕ್ಕು ಕೈಬಿಟ್ಟ ಹಾಗೆಯೇ.

ಪರಿಹಾರ ಸುಲಭ. ಆರ್ಡರ್ ಚೀಟಿಯಲ್ಲಿ ಒಂದು ಸಾಲು ಬರೆಯಿರಿ: "ಈ ಚಿತ್ರದ ಕಾಪಿರೈಟ್ ಚಿತ್ರಗಾರರದ್ದೇ ಆಗಿರುತ್ತದೆ. ಕೊಂಡವರು ಮನೆಯಲ್ಲಿ ಇಟ್ಟುಕೊಳ್ಳಬಹುದು, ಮುದ್ರಿಸುವಂತಿಲ್ಲ." ಇಬ್ಬರೂ ಸಹಿ ಮಾಡಿ. ನನ್ನ ಚೀಟಿಯಲ್ಲಿ ಈ ಸಾಲು ಅಡ್ವಾನ್ಸ್ ಮೊತ್ತದ ಕೆಳಗೇ ಇದೆ. ಹಕ್ಕು ಮಾರಿದರೂ ಚಿತ್ರಕ್ಕೆ ನಿಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಹೋಗುವುದಿಲ್ಲ, ಅದು 57ನೇ ಸೆಕ್ಷನ್‌ನಲ್ಲಿದೆ. ದೊಡ್ಡ ಕಂಪನಿಯ ಕರಾರು ಬಂದರೆ ಸಹಿಗೆ ಮುಂಚೆ ವಕೀಲರಿಗೆ ತೋರಿಸಿ.

ನೋಂದಣಿ, ಜಿಎಸ್‌ಟಿ ಎಲ್ಲ ಬೇಕಾ?

ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ ಮಾಡಿಸಿ. ಸರ್ಕಾರದ ಜಾಲತಾಣದಲ್ಲಿ ಉಚಿತ. ದುಡ್ಡು ಕೇಳುವ ಬೇರೆ ಪುಟಗಳಿಗೆ ಹೋಗಬೇಡಿ.

ಜಿಎಸ್‌ಟಿ ವಿಷಯ: ಬರೀ ಚಿತ್ರ ಮಾರುವವರಿಗೆ ಕರ್ನಾಟಕದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ. ಆದರೆ ಕ್ಲಾಸ್ ನಡೆಸುವುದು ಸೇವೆ. ಚಿತ್ರವನ್ನೂ ಮಾರಿ, ಕ್ಲಾಸನ್ನೂ ನಡೆಸುವವರಿಗೆ ಮಿತಿ 20 ಲಕ್ಷ. ಹೊರ ರಾಜ್ಯಕ್ಕೆ ಕಳಿಸುವುದಿದ್ದರೆ ನಿಯಮ ಬೇರೆ, ಲೆಕ್ಕ ನೋಡುವವರನ್ನು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಕೈಯಲ್ಲಿ ಬರೆದ ಚಿತ್ರಗಳ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಅದೇ ವರ್ಷ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕದ ಮೇಲೆ ನೋಟಿಸ್ ಬಂದದ್ದು ನೆನಪಿದೆಯಲ್ಲ? ಮನೆ ಖಾತೆ ಬೇರೆ, ಚಿತ್ರದ ಖಾತೆ ಬೇರೆ ಇಡಿ. ಇಷ್ಟು ಮಾಡಿದರೆ ಅರ್ಧ ತಲೆನೋವು ಕಡಿಮೆ.

ಅಂಗಡಿಯವರು ಚಿತ್ರ ಮಾರಿ ತಿಂಗಳಾದರೂ ದುಡ್ಡು ಕೊಡುತ್ತಿಲ್ಲ.

ನನಗೂ ಆಗಿದೆ. ಒಂದು ಅಂಗಡಿಯವರು ಏಳು ಚಿತ್ರ ಇಟ್ಟುಕೊಂಡು, ನಾಲ್ಕು ಮಾರಿ, ಐದು ತಿಂಗಳು ಓಡಾಡಿಸಿದರು. ಆ ಐದು ತಿಂಗಳಲ್ಲಿ ನಾನು ಒಂದು ಒಳ್ಳೆಯ ರೇಖೆಯನ್ನೂ ಎಳೆಯಲಿಲ್ಲ. ಹಲಗೆ ಮುಂದೆ ಕೂತರೆ ಅವರಿಗೆ ಏನು ಹೇಳಬೇಕು ಅನ್ನುವುದೇ ತಲೆಯಲ್ಲಿ. ಬಾಕಿ ಹಣ ಚಿತ್ರವನ್ನು ತಿನ್ನುತ್ತೆ, ಅದಕ್ಕೇ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂಗಡಿಗೆ ಕೊಡುವಾಗ ಚಲನ್ ಬರೆಯಿರಿ: ಯಾವ ಚಿತ್ರ, ಎಷ್ಟು ಬೆಲೆ, ಕಮಿಷನ್ ಎಷ್ಟು, ಮಾರಿದ ಎಷ್ಟು ದಿನಕ್ಕೆ ಹಣ. ಫೋಟೋ ತೆಗೆದುಕೊಳ್ಳಿ. ನೀವು ಉದ್ಯಮ್ ನೋಂದಣಿ ಮಾಡಿಸಿದ್ದು, ನೇರವಾಗಿ ಬಿಲ್ ಹಾಕಿ ಮಾರಿದ್ದರೆ, ಸಣ್ಣ ಉದ್ಯಮಗಳಿಗೆ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆ ನಿಮ್ಮ ಕಡೆ ಇದೆ. ಒಪ್ಪಂದ ಇದ್ದರೂ 45 ದಿನಕ್ಕಿಂತ ಜಾಸ್ತಿ ಸಮಯ ತೆಗೆದುಕೊಳ್ಳುವಂತಿಲ್ಲ. ಕೊಡದಿದ್ದರೆ ಇದಕ್ಕೆಂದೇ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಸುಮ್ನೆ ಇಟ್ಟುಕೊಳ್ಳಲು ಕೊಟ್ಟ ಚಿತ್ರಕ್ಕೆ ಇದನ್ನು ಸಾಧಿಸುವುದು ಕಷ್ಟ, ಆದ್ದರಿಂದ ಚಲನ್ ಇಲ್ಲದೆ ಒಂದು ಹಲಗೆಯನ್ನೂ ಕೊಡಬೇಡಿ. ಮನೆಗೆ ಬರುವ ಆರ್ಡರ್‌ಗೆ ಅರ್ಧ ಅಡ್ವಾನ್ಸ್, ಉಳಿದದ್ದು ಚಿತ್ರ ಒಯ್ಯುವ ದಿನ.

ಕೈಕೆಳಗೆ ಸಹಾಯಕರನ್ನು ಇಟ್ಟುಕೊಂಡರೆ ಚಿತ್ರ ನನ್ನದು ಅನ್ನಬಹುದಾ?

ಹಿಂದೆಯೂ ಚಿತ್ರಗಾರರ ಮನೆಗಳಲ್ಲಿ ಕೆಲಸ ಹಂಚಿಕೊಂಡೇ ನಡೆಯುತ್ತಿತ್ತು. ಹಲಗೆ ತಯಾರಿ, ಹಿನ್ನೆಲೆಯ ಬಣ್ಣ, ಜೆಸ್ಸೊದ ಸರಳ ಭಾಗ ನನ್ನ ಇಬ್ಬರು ಹುಡುಗಿಯರು ಮಾಡುತ್ತಾರೆ. ರೇಖೆ, ಮುಖ, ಕೈಬೆರಳು ನನ್ನದು. ಕಣ್ಣು ತೆರೆಸುವುದು ಕೊನೆಗೆ, ಅದೂ ನನ್ನದೇ. ಚಿತ್ರದ ಹಿಂದೆ ಮೂವರ ಹೆಸರೂ ಬರೆಯುತ್ತೇವೆ. ಗಿರಾಕಿಗೆ ಮೊದಲೇ ಹೇಳುತ್ತೇನೆ.

ಎಲ್ಲ ಬಿಟ್ಟುಕೊಡಬಹುದು, ಯಾವುದರಲ್ಲಿ ನಿಮಗೆ ಖುಷಿ ಇದೆಯೋ ಅದನ್ನು ಬಿಟ್ಟುಕೊಡಬೇಡಿ. ಬಣ್ಣದಲ್ಲಿ ಖುಷಿ ಇರುವವರು ಬಣ್ಣ ಇಟ್ಟುಕೊಳ್ಳಲಿ.

ಕ್ಲಾಸ್ ತೆಗೆದುಕೊಂಡರೆ ನಮ್ಮ ಕೆಲಸ ಹಿಂದೆ ಬೀಳಲ್ವಾ?

ವಾರದಲ್ಲಿ ಎರಡು ದಿನಕ್ಕಿಂತ ಜಾಸ್ತಿ ಆದರೆ ಬೀಳುತ್ತೆ. ಆದರೆ ತಿಂಗಳ ಮೊದಲ ವಾರ ಬರುವ ಫೀಸಿನಿಂದ ಮನೆ ಬಾಡಿಗೆ ಹೋಗುತ್ತೆ, ಆಗ ಬೇಡದ ಆರ್ಡರ್‌ಗೆ ಇಲ್ಲ ಅನ್ನುವ ಧೈರ್ಯ ಬರುತ್ತೆ. ಚಂದಮಾಮದ ಮುಖಪುಟಗಳಿಂದ ಮನೆಮಾತಾದ ಎಂ.ಟಿ.ವಿ. ಆಚಾರ್ಯರೂ ಆಮೇಲೆ ಬೆಂಗಳೂರಿನಲ್ಲಿದ್ದುಕೊಂಡು ಅಂಚೆಯ ಮೂಲಕ ಚಿತ್ರಕಲೆ ಕಲಿಸಿದರು. ಕಲಿಸುವುದು ಸೋತವರ ಕೆಲಸ ಅನ್ನುವ ಮಾತನ್ನು ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಸರಸ್ವತಿಯ ಕಣ್ಣನ್ನು ಹಿಡಿದವಳು ಒಬ್ಬ ವಿದ್ಯಾರ್ಥಿನಿಯೇ.

ಈಗಿರುವ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಲಾ?

ಆರು ತಿಂಗಳ ಮನೆ ಖರ್ಚು ಬ್ಯಾಂಕಿನಲ್ಲಿದೆಯಾ? ಒಂದು ದಸರಾ, ಒಂದು ದೀಪಾವಳಿ ಹಂಗಾಮನ್ನು ಕೆಲಸದ ಜೊತೆಗೇ ನಡೆಸಿ ನೋಡಿದ್ದೀರಾ? ಆಷಾಢದಲ್ಲಿ ಗೃಹಪ್ರವೇಶ, ಮದುವೆ ಇರಲ್ಲ, ಆರ್ಡರ್ ಇಳಿಯುತ್ತೆ. ಆ ತಿಂಗಳು ಹೇಗೆ ಕಳೆಯುತ್ತೀರಿ? ಮೂರಕ್ಕೂ ಉತ್ತರ ಇದ್ದರೆ ಬಿಡಿ. ಇಲ್ಲದಿದ್ದರೆ ಇನ್ನೊಂದು ವರ್ಷ ತಡೆಯಿರಿ. ಹೊಟ್ಟೆಯ ಭಯ ಇಟ್ಟುಕೊಂಡು ಎಳೆದ ಗೆರೆ ನಡುಗುತ್ತೆ.

ನಾನು ಆಷಾಢವನ್ನು ನನ್ನ ಸ್ವಂತ ಚಿತ್ರಕ್ಕೆ ಅಂತ ಎತ್ತಿಟ್ಟಿದ್ದೇನೆ. ಮೊದಲು ಆ ತಿಂಗಳು ಬಂದರೆ ಹೆದರಿಕೆ ಆಗುತ್ತಿತ್ತು, ಈಗ ಕಾಯುತ್ತೇನೆ.

ಈಗ ನಿಮಗೋಸ್ಕರ ಏನು ಬರೆಯುತ್ತಿದ್ದೀರಿ?

ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುವ ಒಬ್ಬ ಅಜ್ಜಿ ಇದ್ದಾರೆ. ಮೊಳ ಅಳೆಯುವಾಗ ಅವರ ಮೊಣಕೈ ಮಡಿಸುವ ರೀತಿ ನನಗೆ ಎರಡು ವರ್ಷದಿಂದ ತಲೆಯಲ್ಲಿತ್ತು. ಅವರನ್ನು ಕೇಳಿ, ಎದುರಿನ ಬಾಳೆಹಣ್ಣಿನ ಅಂಗಡಿಯ ಪಕ್ಕ ಕೂತು ಹದಿನೆಂಟು ರೇಖಾಚಿತ್ರ ಮಾಡಿಕೊಂಡು ಬಂದೆ. ಈಗ ಹಲಗೆಯ ಮೇಲೆ ದೊಡ್ಡದಾಗಿ ಬರೆಯುತ್ತಿದ್ದೇನೆ, ದೇವಿಯರನ್ನು ಕೂರಿಸುವ ಹಾಗೆಯೇ ನೇರ ಎದುರಿಗೆ ಕೂರಿಸಿ. ಜೆಸ್ಸೊ ಮಲ್ಲಿಗೆಯ ರಾಶಿಗೆ ಮಾತ್ರ, ಮೊಗ್ಗು ಮೊಗ್ಗಾಗಿ. ಚಿನ್ನ ಎಲ್ಲಿ ಅಂತ ಇನ್ನೂ ತೀರ್ಮಾನ ಆಗಿಲ್ಲ. ಮೊದಲು ಪ್ರಭಾವಳಿ ಹಾಕೋಣ ಅಂದುಕೊಂಡೆ, ಬರೆದು ಅಳಿಸಿದೆ. ಅವರ ಮೂಗುಬಟ್ಟಿನ ಅಳತೆಗೆ ಒಂದು ಚೂರು ರೇಕು ಕತ್ತರಿಸಿ ಇಟ್ಟಿದ್ದೇನೆ. ನಾಳೆ ಬೆಳಗ್ಗೆ ಕೂರಿಸಿ ನೋಡಬೇಕು.